ಚಾನ್ಸರಿ ಇಟಾಲಿಕ್ ಅಕ್ಷರಗಳಲ್ಲಿ ಪ್ರಶಸ್ತಿ ಪತ್ರ: ಪೆನ್ಸಿಲ್ಲಿನ ಮೊದಲ ಗೆರೆಯಿಂದ ಅಚ್ಚಿನವರೆಗೆ

ಪ್ರಶಸ್ತಿ ಪತ್ರವನ್ನು ಯಾರೂ ಎಸೆಯುವುದಿಲ್ಲ. ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಎರಡನೆಯ ಬಹುಮಾನ ಬಂದದ್ದಾದರೂ ಸರಿ, ಅದು ಕಟ್ಟು ಹಾಕಿಸಿಕೊಂಡು ನಡುಮನೆಯ ಗೋಡೆಯ ಮೇಲೆ ದಶಕಗಳ ಕಾಲ ಇರುತ್ತದೆ. ಮನೆಗೆ ಬಂದವರೆಲ್ಲ ಅದನ್ನು ಓದುತ್ತಾರೆ. ಅಂಥ ಕಾಗದದ ಅಕ್ಷರಗಳನ್ನು ಐದು ನಿಮಿಷದಲ್ಲಿ, ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬಿದ್ದ ಅಲಂಕಾರದ ಫಾಂಟ್ ಒತ್ತಿ ಮುಗಿಸುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈ ಮಾರ್ಗದರ್ಶಿ ಒಂದೇ ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಕೊಡುತ್ತದೆ. ಎ4 ಅಳತೆಯ, ಅಡ್ಡ ಹಾಳೆಯ, ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಪ್ರಶಸ್ತಿ ಪತ್ರವನ್ನು ಚಾನ್ಸರಿ ಇಟಾಲಿಕ್ ಎಂಬ, ಬಲಕ್ಕೆ ವಾಲಿದ ಅಕ್ಷರಶೈಲಿಯಲ್ಲಿ ಸಿದ್ಧಪಡಿಸುವ ಕೆಲಸ ಅದು. ಲಗ್ನಪತ್ರಿಕೆ, ಮಾನಪತ್ರ, ಸಮಾರಂಭದ ಆಹ್ವಾನಪತ್ರಿಕೆ ಮಾಡುವವರಿಗೂ ಇದೇ ಕ್ರಮ ಸಾಕು. ಅಳತೆಗಳು ಮಾತ್ರ ಬದಲಾಗುತ್ತವೆ.

ಇದು ಎಲ್ಲಿಂದ ಬಂದ ಅಕ್ಷರ

ಇತಿಹಾಸವನ್ನು ದಾಟಿ ನೇರವಾಗಿ ಕೆಲಸಕ್ಕೆ ಇಳಿಯಬೇಕೆಂದು ನಿಮಗೆ ಅನ್ನಿಸಬಹುದು. ದಾಟಬೇಡಿ. ಈ ಫಾಂಟಿನ ಪ್ರತಿಯೊಂದು ನಿಯಮವೂ ಅದರ ಹುಟ್ಟಿನಲ್ಲಿಯೇ ಇದೆ.

ಹದಿನೈದನೆಯ ಶತಮಾನದ ಆರಂಭದಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ನಿಕ್ಕೊಲೊ ನಿಕ್ಕೊಲಿ ಎಂಬ ವಿದ್ವಾಂಸ ಪ್ರಾಚೀನ ಗ್ರಂಥಗಳನ್ನು ಪ್ರತಿ ಮಾಡುತ್ತಿದ್ದ. ವೇಗವಾಗಿ ಬರೆಯುವಾಗ ಅವನ ಅಕ್ಷರಗಳು ಬಲಕ್ಕೆ ವಾಲಿದವು, ಕಿರಿದಾದವು, ಒಂದಕ್ಕೊಂದು ಹತ್ತಿರವಾದವು. ಈ ಬಗೆಯ ಬರವಣಿಗೆ ರೋಮಿನಲ್ಲಿ ಪೋಪರ ಕಚೇರಿಯನ್ನು ಸೇರಿ ಅಲ್ಲಿನ ಪತ್ರವ್ಯವಹಾರದ ಹಸ್ತ, ಅಂದರೆ ಕೈಬರಹದ ಶೈಲಿ, ಆಯಿತು. ಆ ಕಚೇರಿಗೆ ಚಾನ್ಸರಿ ಎಂದು ಹೆಸರು. ಅಕ್ಷರಕ್ಕೂ ಅದೇ ಹೆಸರು ಅಂಟಿಕೊಂಡಿತು. ಅಂದರೆ ಇದು ಹುಟ್ಟಿನಿಂದಲೇ ಮರ್ಯಾದೆಯ ಕಾಗದಗಳ ಅಕ್ಷರ.

ಅಚ್ಚಿಗೆ ಇಟಾಲಿಕ್ ಬಂದದ್ದು ವೆನಿಸ್ಸಿನಲ್ಲಿ. ಮುದ್ರಕ ಆಲ್ಡಸ್ ಮನೂಷಿಯಸ್‌ಗಾಗಿ ಫ್ರಾಂಚೆಸ್ಕೊ ಗ್ರಿಫೊ ಅಚ್ಚಿನ ಮೊಳೆ ಕೊರೆದ. 1501ರಲ್ಲಿ ಆ ಮೊಳೆಗಳಲ್ಲಿ ವರ್ಜಿಲನ ಕಾವ್ಯ ಕೈಗೆ ಹಿಡಿಸುವ ಪುಟ್ಟ ಪುಸ್ತಕವಾಗಿ ಹೊರಬಂತು. ಅದರಲ್ಲಿ ಸಣ್ಣಕ್ಷರಗಳು ಮಾತ್ರ ವಾಲಿದ್ದವು, ದೊಡ್ಡಕ್ಷರಗಳು ನೆಟ್ಟಗೆ ನಿಂತಿದ್ದವು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಪೋಪರ ಕಚೇರಿಯಲ್ಲಿ ಲಿಪಿಕಾರನಾಗಿದ್ದ ಲುಡೊವಿಕೊ ಅರ್ರಿಗಿ 1522ರ ವರ್ಷವನ್ನು ಹೊತ್ತ ಒಂದು ಪುಟ್ಟ ಕೈಪಿಡಿಯಲ್ಲಿ ಈ ಹಸ್ತವನ್ನು ಜನಸಾಮಾನ್ಯರಿಗೆ ಕಲಿಸಿದ. ಸಣ್ಣಕ್ಷರಗಳೆಲ್ಲ ಎರಡೇ ಬಗೆಯ ಗೆರೆಯಿಂದ ಆರಂಭವಾಗುತ್ತವೆ ಎಂಬುದು ಅವನ ಪಾಠ: ಚಪ್ಪಟೆಯಾದ ದಪ್ಪ ಗೆರೆ ಒಂದು, ಚೂಪಾದ ತೆಳು ಗೆರೆ ಇನ್ನೊಂದು. ಆಮೇಲೆ ಅವನು ತನ್ನದೇ ಹಸ್ತದ ಮಾದರಿಯಲ್ಲಿ ಅಚ್ಚಿನ ಮೊಳೆಗಳನ್ನೂ ಮಾಡಿಸಿದ. 1527ರಲ್ಲಿ ರೋಮ್ ಲೂಟಿಯಾದ ನಂತರ ಅವನ ಸುಳಿವೇ ಇಲ್ಲ.

ಇಂದು ಹೆಚ್ಚಿನವರಿಗೆ ಪರಿಚಯವಿರುವ ಚಾನ್ಸರಿ ಫಾಂಟ್ ಜರ್ಮನಿಯ ಹರ್ಮನ್ ಝಾಫ್ ಅವರದು. 1918ರಲ್ಲಿ ನ್ಯೂರೆಂಬರ್ಗಿನಲ್ಲಿ ಹುಟ್ಟಿದ ಝಾಫ್ ಗುರುಗಳಿಲ್ಲದೆ, ಪುಸ್ತಕ ನೋಡಿ ಚಪ್ಪಟೆ ಮೊನೆಯ ಲೇಖನಿ ಹಿಡಿಯುವುದನ್ನು ಕಲಿತವರು. 1960ರಲ್ಲಿ ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆಯನ್ನು ನಾಲ್ಕು ಭಾಷೆಗಳಲ್ಲಿ ತಮ್ಮ ಕೈಯಾರೆ ಬರೆದುಕೊಟ್ಟರು. ಅವರ ಝಾಫ್ ಚಾನ್ಸರಿ 1979ರಲ್ಲಿ ಹೊರಬಂತು. 1986ರಲ್ಲಿ ಆಪಲ್ ಕಂಪನಿಯ ಲೇಸರ್‌ರೈಟರ್ ಪ್ಲಸ್ ಮುದ್ರಕದೊಳಗೆ ಕೂರಿಸಿದ 35 ಫಾಂಟುಗಳಲ್ಲಿ ಅದೂ ಒಂದಾಯಿತು. ಅಲ್ಲಿಂದ ಅದು ಜಗತ್ತಿನ ಡಿಟಿಪಿ ಅಂಗಡಿಗಳನ್ನೆಲ್ಲ ತಲುಪಿತು, ಮತ್ತು ಎಲ್ಲೆಡೆ ತಪ್ಪಾಗಿ ಬಳಕೆಯಾಗತೊಡಗಿತು.

ನಾವು ಶಾಲೆಯಲ್ಲಿ ನಾಲ್ಕು ಗೆರೆಯ ಪುಸ್ತಕದಲ್ಲಿ ಕಾಪಿ ಬರೆದ ಇಂಗ್ಲಿಷ್ ಕೂಡಕ್ಷರಕ್ಕೂ ಇದಕ್ಕೂ ಸಂಬಂಧ ದೂರದ್ದು. ಆ ಕೂಡಕ್ಷರ ಚೂಪು ಮೊನೆಯ, ಒತ್ತಿದರೆ ಬಿರಿಯುವ ನಿಬ್ಬಿನ ಮನೆತನಕ್ಕೆ ಸೇರಿದ್ದು. ಅಲ್ಲಿ ದಪ್ಪ ಬರುವುದು ಕೈಯ ಒತ್ತಡದಿಂದ, ಅಕ್ಷರಗಳೆಲ್ಲ ಒಂದೇ ಎಳೆಯಲ್ಲಿ ಕೂಡಿಕೊಳ್ಳುತ್ತವೆ. ಚಾನ್ಸರಿಯಲ್ಲಿ ಒತ್ತಡಕ್ಕೆ ಕೆಲಸವಿಲ್ಲ. ಚಪ್ಪಟೆ ಮೊನೆಯನ್ನು ಒಂದೇ ಕೋನದಲ್ಲಿ ಹಿಡಿದರೆ ದಪ್ಪ ತೆಳು ತಾವಾಗಿಯೇ ಬರುತ್ತವೆ, ಅಕ್ಷರಗಳು ಬಹುಮಟ್ಟಿಗೆ ಬಿಡಿಬಿಡಿಯಾಗಿಯೇ ನಿಲ್ಲುತ್ತವೆ. ಫಾಂಟುಗಳ ಪಟ್ಟಿಯಲ್ಲಿ ಈ ಎರಡೂ ಮನೆತನಗಳು ಬೆರೆತುಕೊಂಡು ಕೂತಿರುತ್ತವೆ, ಬೇರ್ಪಡಿಸಿ ನೋಡುವ ಕಣ್ಣು ನಮಗಿರಬೇಕು.

ಮೊದಲ ಹೆಜ್ಜೆ: ಕಂಪ್ಯೂಟರ್ ಮುಚ್ಚಿ, ಎರಡು ಪೆನ್ಸಿಲ್ ತೆಗೆದುಕೊಳ್ಳಿ

ಇದಕ್ಕೆ ಅರ್ಧ ಗಂಟೆ ಕೊಡಿ. ಎರಡು ಸಾಮಾನ್ಯ ಪೆನ್ಸಿಲ್‌ಗಳನ್ನು ಮೊನೆಗಳು ಸಮನಾಗಿ ನಿಲ್ಲುವಂತೆ ಜೋಡಿಸಿ, ಮೇಲೊಂದು ಕೆಳಗೊಂದು ರಬ್ಬರ್ ಬ್ಯಾಂಡ್ ಸುತ್ತಿ. ಎರಡು ಮೊನೆಗಳ ನಡುವಿನ ಅಂತರವೇ ಈಗ ನಿಮ್ಮ ನಿಬ್ಬಿನ ಅಗಲ. ಅದು ಸುಮಾರು 7 ಮಿಲಿಮೀಟರ್ ಬರುತ್ತದೆ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ 35 ಮಿಲಿಮೀಟರ್ ಅಂತರದ ಎರಡು ಗೆರೆ ಎಳೆಯಿರಿ. ಸಣ್ಣಕ್ಷರದ ಒಡಲು ನಿಬ್ಬಿನ ಅಗಲದ ಐದರಷ್ಟು ಎತ್ತರ ಇರಬೇಕು ಎಂಬುದು ಈ ಹಸ್ತದ ಮೂಲ ಅಳತೆ. ಮೇಲಕ್ಕೂ ಕೆಳಕ್ಕೂ ಚಾಚುವ ಕಾಲುಗಳಿಗಾಗಿ ಸುಮಾರು ಅಷ್ಟೇ ಜಾಗ ಬಿಡಿ.

ಎರಡು ಮೊನೆಗಳನ್ನು ಸೇರಿಸುವ ಗೆರೆ ಬರೆಯುವ ಸಾಲಿಗೆ 45 ಡಿಗ್ರಿ ಕೋನದಲ್ಲಿ ಇರುವಂತೆ ಹಿಡಿಯಿರಿ. ಬರೆಯುವಾಗ ಮಣಿಕಟ್ಟು ತಿರುಗಬಾರದು. ಸ್ವಲ್ಪವೇ ಬಲಕ್ಕೆ ವಾಲಿದ ಗೆರೆಯೊಂದನ್ನು ಮೇಲಿಂದ ಕೆಳಕ್ಕೆ ಎಳೆಯಿರಿ. ಪೆನ್ಸಿಲ್ ಎತ್ತದೆ ಅದೇ ಗೆರೆಯ ಮೇಲೆ ಹಿಂದಿರುಗಿ ಏರಿ, ಅರ್ಧ ದಾಟಿದ ಮೇಲೆ ಅದನ್ನು ಬಿಟ್ಟು ಬಲಕ್ಕೆ ಕಮಾನು ಹಾಕಿ, ಮತ್ತೆ ಕೆಳಕ್ಕೆ ಬನ್ನಿ. ಇದು ಸಣ್ಣ ಎನ್. ಕಮಾನು ಕವಲೊಡೆಯುವ ಜಾಗದಲ್ಲಿ ಎರಡೂ ಪೆನ್ಸಿಲ್ಲಿನ ಗೆರೆಗಳು ಕೂಡಿ ಒಂದಾಗುತ್ತವೆ, ಇಳಿಯುವಾಗ ಮತ್ತೆ ದೂರವಾಗುತ್ತವೆ. ಕೂಡಿದ ಕಡೆ ತೆಳು, ದೂರವಾದ ಕಡೆ ದಪ್ಪ. ಇದೇ ಎನ್ನನ್ನು ತಲೆಕೆಳಗು ಮಾಡಿದರೆ ಯು. ಯು ಮೇಲೆ ಮುಚ್ಚಳ ಹಾಕಿದರೆ ಎ. ಐ, ಎನ್, ಯು, ಎ, ಓ ಈ ಐದು ಅಕ್ಷರಗಳನ್ನು ಒಂದೊಂದು ಸಾಲು ಬರೆಯಿರಿ, ಅಂದವಾಗಿ ಬರಬೇಕಾಗಿಲ್ಲ.

ಅರ್ಧ ಗಂಟೆಯಲ್ಲಿ ನಿಮಗೆ ಎರಡು ಸಂಗತಿ ಕೈಗೆ ಹತ್ತಿರುತ್ತವೆ. ಎನ್ ಅಕ್ಷರದ ಎರಡು ಕಂಬಗಳ ನಡುವಿನ ಬೆಳಕೂ, ಅದರ ಮತ್ತು ಮುಂದಿನ ಅಕ್ಷರದ ನಡುವಿನ ಬೆಳಕೂ ಒಂದೇ ಆದಾಗ ಸಾಲಿಗೆ ತಾಳ ಬರುತ್ತದೆ, ಇದು ಮೊದಲನೆಯದು. ಸಣ್ಣಕ್ಷರಗಳು ಒಂದರಿಂದ ಒಂದು ಹುಟ್ಟುತ್ತವೆ, ದೊಡ್ಡಕ್ಷರಗಳು ಹಾಗೆ ಹುಟ್ಟುವುದಿಲ್ಲ, ಇದು ಎರಡನೆಯದು. ದೊಡ್ಡಕ್ಷರಗಳು ರೋಮನ್ನರ ಕಲ್ಲಿನ ಶಾಸನಗಳಿಂದ ಬಂದ ಅತಿಥಿಗಳು. ಆಲ್ಡಸ್ ಅವುಗಳನ್ನು ನೆಟ್ಟಗೆ ನಿಲ್ಲಿಸಿದ್ದು ಅದಕ್ಕೇ.

ಎರಡನೆಯ ಹೆಜ್ಜೆ: ಫಾಂಟ್ ಆಯ್ಕೆ

ಬಹುಶಃ ನಿಮ್ಮ ಕಂಪ್ಯೂಟರಿನಲ್ಲಿಯೇ ಒಂದು ಚಾನ್ಸರಿ ಈಗಾಗಲೇ ಇದೆ. ಮೈಕ್ರೊಸಾಫ್ಟ್ ಆಫೀಸ್ ಜೊತೆ ಬರುವ ಮೊನೊಟೈಪ್ ಕೊರ್ಸಿವಾ ಪೆಟ್ರೀಷಿಯಾ ಸಾಂಡರ್ಸ್ ರೂಪಿಸಿದ್ದು. ಹಗುರವಾಗಿದೆ, ಸಪೂರವಾಗಿದೆ, ಚಿಕ್ಕ ಗಾತ್ರದಲ್ಲಿ ಸೊರಗುತ್ತದೆ. ಲುಸಿಡಾ ಕ್ಯಾಲಿಗ್ರಫಿಯ ಒಡಲು ದೊಡ್ಡದು, ಮೈ ಅಗಲ. ದೂರದಿಂದ ಓದಲು ಒಳ್ಳೆಯದು, ಆದರೆ ಪ್ರಶಸ್ತಿ ಪತ್ರದ ಗಾಂಭೀರ್ಯಕ್ಕೆ ನನ್ನ ಕಣ್ಣಿಗೆ ಕೊಂಚ ಭಾರ. ಮ್ಯಾಕ್ ಬಳಸುವವರಿಗೆ ಕ್ರಿಸ್ ಹೋಮ್ಸ್ ಅವರ ಆಪಲ್ ಚಾನ್ಸರಿ ಸಿಗುತ್ತದೆ. ಅದೇ ಯಂತ್ರದಲ್ಲಿ ಝಾಫಿನೊ ಕೂಡ ಇರುತ್ತದೆ. ಅದು ಝಾಫ್ ಅವರ 1998ರ ಕೃತಿ, ಕಾಲು ಬಾಲಗಳನ್ನು ಬಹಳ ದೂರ ಚಾಚುತ್ತದೆ. ಒಂದೆರಡು ಪದಕ್ಕಿಂತ ಹೆಚ್ಚಿಗೆ ಅದನ್ನು ಬಳಸಿದರೆ ಹಾಳೆಯಲ್ಲಿ ಬೇರೆ ಯಾವುದಕ್ಕೂ ಜಾಗ ಉಳಿಯುವುದಿಲ್ಲ.

ಹಣ ಕೊಡದೆ ಬೇಕೆಂದರೆ ಟೆಕ್ ಗೈರ್ ಕೋರಸ್ ಮತ್ತು ಝಡ್003 ಎಂಬ ಎರಡು ಮುಕ್ತ ಫಾಂಟುಗಳಿವೆ. ಎರಡೂ ಝಾಫ್ ಚಾನ್ಸರಿಯ ಮಾದರಿಯನ್ನೇ ಹಿಡಿದವು, ಎರಡೂ ಅಚ್ಚಿಗೆ ಯೋಗ್ಯ. ಮೊದಲ ಬಾರಿ ಈ ಕೆಲಸ ಮಾಡುವವರಿಗೆ ನನ್ನ ಸಲಹೆ ಟೆಕ್ ಗೈರ್ ಕೋರಸ್. ಮೂಲ ಝಾಫ್ ಚಾನ್ಸರಿ ಬೇಕೇ ಬೇಕು ಎನ್ನುವವರು ಪರವಾನಗಿ ಕೊಂಡು ಬಳಸಬೇಕು. ಅದು ಲೈಟ್, ಮೀಡಿಯಂ, ಡೆಮಿ, ಬೋಲ್ಡ್ ಎಂಬ ಹಲವು ತೂಕಗಳಲ್ಲಿ ಸಿಗುತ್ತದೆ.

ಪರೀಕ್ಷೆ ಮಾಡುವ ರೀತಿ ಹೀಗೆ. ಎರಡು ಮೂರು ಫಾಂಟುಗಳಲ್ಲಿ ಒಂದೇ ಹೆಸರನ್ನು 40 ಪಾಯಿಂಟಿನಲ್ಲಿ ಅಚ್ಚು ತೆಗೆದು ಗೋಡೆಗೆ ಅಂಟಿಸಿ, ಎರಡು ಮೀಟರ್ ದೂರದಿಂದ ಓದಿ. ಫಾಂಟ್ ಮಾರುವವರು ತೋರಿಸುವ ಮಾದರಿ ಪದಗಳನ್ನು ನಂಬಬೇಡಿ. ಅವು ಇಂಗ್ಲಿಷ್ ಕಿವಿಗಾಗಿ ಆರಿಸಿದ ಪದಗಳು. ನಮ್ಮ ಹೆಸರುಗಳು ಬೇರೆಯದೇ ಅಕ್ಷರಗಳನ್ನು ಕೇಳುತ್ತವೆ. ಭ, ಧ, ಶ, ಥ ಎಲ್ಲಕ್ಕೂ ಇಂಗ್ಲಿಷಿನಲ್ಲಿ ಹೆಚ್ ಅಕ್ಷರ ಬೇಕು. ಕೆಲವು ಚಾನ್ಸರಿ ಫಾಂಟುಗಳಲ್ಲಿ ಸಣ್ಣ ಹೆಚ್‌ನ ಬಲಗಾಲು ಒಳಕ್ಕೆ ಮಡಚಿಕೊಂಡು ಬಿ ಅಕ್ಷರದಂತೆ ಕಾಣುತ್ತದೆ. ವಿ ಮತ್ತು ಯು ಒಂದೇ ತರಹ ಕಾಣುವುದೂ ಉಂಟು. ಹೆಚ್, ವಿ, ಯು, ಕೆ, ವೈ ಇರುವ ಹೆಸರುಗಳನ್ನು ನಿಮ್ಮ ಪಟ್ಟಿಯಿಂದಲೇ ಆರಿಸಿ ನೋಡಿ. ಓದುವವರು ಒಂದು ಕ್ಷಣ ತಡವರಿಸಿದರೂ ಆ ಫಾಂಟನ್ನು ಕೈಬಿಡಿ. ಮಗುವಿನ ಹೆಸರನ್ನು ತಪ್ಪಾಗಿ ಓದಿಸುವ ಅಂದ ಯಾರಿಗೂ ಬೇಡ.

ಮೂರನೆಯ ಹೆಜ್ಜೆ: ಯಾವುದು ಚಾನ್ಸರಿಯಲ್ಲಿ, ಯಾವುದು ಅಲ್ಲ

ಇಡೀ ಹಾಳೆಯಲ್ಲಿ ಚಾನ್ಸರಿಯ ಸಾಲುಗಳು ಎರಡು. ಹೆಚ್ಚೆಂದರೆ ಮೂರು. ನನ್ನ ಲೆಕ್ಕದಲ್ಲಿ ಇಂಗ್ಲಿಷ್ ಶೀರ್ಷಿಕೆ ಒಂದು, ಪ್ರಶಸ್ತಿ ಪಡೆದವರ ಹೆಸರು ಇನ್ನೊಂದು. ಉಳಿದ ಒಕ್ಕಣೆ, ದಿನಾಂಕ, ಸಂಸ್ಥೆಯ ವಿಳಾಸ, ಸಹಿ ಮಾಡುವವರ ಹುದ್ದೆ ಎಲ್ಲವೂ ನೆಟ್ಟಗಿನ ಸೆರಿಫ್ ಅಕ್ಷರದಲ್ಲಿ, ಅಂದರೆ ಗೆರೆಯ ತುದಿಗಳಲ್ಲಿ ಪುಟ್ಟ ಪಾದವಿರುವ ಅಕ್ಷರದಲ್ಲಿ ಇರಲಿ. ಝಾಫ್ ಅವರ ಚಾನ್ಸರಿಗೆ ಅವರದೇ ಪಲಾಟಿನೊ ಸಹಜ ಜೊತೆಗಾರ. ಹದಿನಾರನೆಯ ಶತಮಾನದ ಇಟಲಿಯ ಬರವಣಿಗೆಯ ಗುರು ಜಾಂಬತ್ತಿಸ್ತಾ ಪಲಾಟಿನೊನ ಹೆಸರನ್ನು ಹೊತ್ತಿರುವ ಆ ಫಾಂಟಿನಲ್ಲೂ ಲೇಖನಿಯ ಗುರುತು ಉಳಿದಿದೆ. ಮುಕ್ತ ಫಾಂಟುಗಳಲ್ಲಿ ಟೆಕ್ ಗೈರ್ ಪಗೆಲ್ಲಾ ಅಥವಾ ಇಬಿ ಗ್ಯಾರಮಂಡ್ ಹೊಂದುತ್ತವೆ.

ಇಡೀ ಒಕ್ಕಣೆಯನ್ನು ಚಾನ್ಸರಿಯಲ್ಲೇ ಹಾಕಿ ಎಂದು ಕೇಳುವವರು ಇರುತ್ತಾರೆ. ಅವರಿಗೆ ಎರಡೂ ಬಗೆಯ ಮಾದರಿಯನ್ನು ಅಚ್ಚು ತೆಗೆದು ಪಕ್ಕಪಕ್ಕದಲ್ಲಿಟ್ಟು ತೋರಿಸಿ. ಒಂದು ಹಾಳೆಯಲ್ಲಿ ಹೆಸರು ಎದ್ದು ಕಾಣುತ್ತದೆ, ಇನ್ನೊಂದರಲ್ಲಿ ಹುಡುಕಬೇಕಾಗುತ್ತದೆ. ಮಾತಿಗಿಂತ ಆ ಎರಡು ಹಾಳೆಗಳೇ ಹೆಚ್ಚು ಒಪ್ಪಿಸುತ್ತವೆ.

ನಾಲ್ಕನೆಯ ಹೆಜ್ಜೆ: ಹಾಳೆಯ ಅಳತೆ

ಅಡ್ಡ ಎ4 ಹಾಳೆ 297 ಮಿಲಿಮೀಟರ್ ಅಗಲ, 210 ಮಿಲಿಮೀಟರ್ ಎತ್ತರ. ಎಡ, ಬಲ ಮತ್ತು ಮೇಲೆ 25 ಮಿಲಿಮೀಟರ್ ಅಂಚು ಬಿಡಿ, ಕೆಳಗೆ 30. ಕಟ್ಟು ಹಾಕಿಸುವಾಗ ಚೌಕಟ್ಟು ಒಂದಷ್ಟು ಅಂಚನ್ನು ನುಂಗುತ್ತದೆ, ಆದ್ದರಿಂದ ಇದರಲ್ಲಿ ಕಡಿತ ಮಾಡಬೇಡಿ. ಕೆಳಗಿನ ಅಂಚಿನ ಮೇಲಿನ 40 ಮಿಲಿಮೀಟರ್ ಸಹಿ ಮತ್ತು ಮೊಹರಿಗೆ ಮೀಸಲು.

ಮೇಲುಗಡೆ ಸಂಸ್ಥೆಯ ಹೆಸರು ಕನ್ನಡದಲ್ಲಿ, ಅದರ ಕೆಳಗೆ ಕನ್ನಡ ಶೀರ್ಷಿಕೆ. ಆಮೇಲೆ ಚಾನ್ಸರಿಯಲ್ಲಿ ಇಂಗ್ಲಿಷ್ ಶೀರ್ಷಿಕೆ, 48 ಪಾಯಿಂಟ್. ನಡುವೆ ಒಕ್ಕಣೆಯ ಒಂದು ಸಾಲು ನೆಟ್ಟಗಿನ ಅಕ್ಷರದಲ್ಲಿ 14 ಪಾಯಿಂಟ್. ಅದರ ಕೆಳಗೆ ಧಾರಾಳವಾದ ಬಿಳಿ ಜಾಗದ ನಡುವೆ ಹೆಸರು, 36 ಪಾಯಿಂಟ್. ಉಳಿದ ಒಕ್ಕಣೆ ಮತ್ತೆ 14 ಪಾಯಿಂಟ್, ಸಾಲಿನಿಂದ ಸಾಲಿಗೆ 20 ಪಾಯಿಂಟ್ ಅಂತರ. ಚಾನ್ಸರಿಯ ಸಣ್ಣಕ್ಷರದ ಒಡಲು ಚಿಕ್ಕದಾದ್ದರಿಂದ 36 ಪಾಯಿಂಟ್ ಎಂದರೂ ಕಣ್ಣಿಗೆ ಕಾಣುವ ಒಡಲು ಸುಮಾರು 5 ಮಿಲಿಮೀಟರ್ ಮಾತ್ರ. ಆ ಕಾರಣಕ್ಕೇ ಬೇರೆ ಫಾಂಟಿಗೆ ನೀವು ಕೊಡುವ ಗಾತ್ರಕ್ಕಿಂತ ಇದಕ್ಕೆ ಒಂದು ಮೆಟ್ಟಿಲು ಹೆಚ್ಚು ಕೊಡಬೇಕು.

ಎಲ್ಲವನ್ನೂ ಮಧ್ಯಕ್ಕೆ ಹೊಂದಿಸಿದ ಮೇಲೆ ಕಣ್ಣಿನಿಂದ ಮತ್ತೊಮ್ಮೆ ಅಳೆಯಿರಿ. ಮೊದಲ ದೊಡ್ಡಕ್ಷರಕ್ಕೆ ಎಡಕ್ಕೆ ಚಾಚಿದ ಅಲಂಕಾರದ ಬಳ್ಳಿ ಇದ್ದರೆ ಕಂಪ್ಯೂಟರ್ ಅದನ್ನೂ ಅಗಲಕ್ಕೆ ಸೇರಿಸಿ ಲೆಕ್ಕ ಹಾಕುವುದುಂಟು. ಪರಿಣಾಮವಾಗಿ ಪದದ ಒಡಲು ಬಲಕ್ಕೆ ಸರಿದಂತೆ ಕಾಣುತ್ತದೆ. ಬಳ್ಳಿಯನ್ನು ಲೆಕ್ಕದಿಂದ ಬಿಟ್ಟು, ಸಾಲನ್ನು ಒಂದೆರಡು ಮಿಲಿಮೀಟರ್ ಎಡಕ್ಕೆ ತನ್ನಿ.

ಐದನೆಯ ಹೆಜ್ಜೆ: ಅಕ್ಷರ ಜೋಡಣೆ

ಕೆಲಸದ ತಿರುಳು ಇಲ್ಲಿದೆ, ನಿಧಾನವಾಗಿ ಮಾಡಿ.

ಇಡೀ ಪದವನ್ನು ದೊಡ್ಡಕ್ಷರಗಳಲ್ಲಿ ಎಂದಿಗೂ ಬರೆಯಬೇಡಿ. ಈ ಶೈಲಿಯಲ್ಲಿ ಜನ ಮಾಡುವ ಅತಿ ದೊಡ್ಡ ತಪ್ಪು ಇದೇ. ಚಾನ್ಸರಿಯ ದೊಡ್ಡಕ್ಷರಗಳು ತೋಳು ಚಾಚಿ ನಿಂತಿರುತ್ತವೆ, ಪಕ್ಕದಲ್ಲಿ ಸಣ್ಣಕ್ಷರಗಳು ಇರುತ್ತವೆ ಎಂದು ನಂಬಿ ರೂಪುಗೊಂಡಿರುತ್ತವೆ. ಅವುಗಳನ್ನು ಸಾಲಾಗಿ ನಿಲ್ಲಿಸಿದರೆ ತೋಳಿಗೆ ತೋಳು ತಾಗಿ ಪದ ಒಂದು ಪೊದೆಯಾಗುತ್ತದೆ. ಹಸ್ತದಲ್ಲಿಯೇ ದೊಡ್ಡಕ್ಷರ ಅತಿಥಿಯಾಗಿತ್ತು ಎಂಬುದನ್ನು ನೆನೆಯಿರಿ.

ಇದೇ ತೊಂದರೆ ನಮ್ಮ ಹೆಸರುಗಳಲ್ಲಿ ಬೇರೊಂದು ಬಾಗಿಲಿನಿಂದ ಒಳಬರುತ್ತದೆ. ಊರಿನದೊಂದು, ತಂದೆಯದೊಂದು ಎಂದು ಎರಡು ಮೂರು ಇನಿಷಿಯಲ್‌ಗಳು ಹೆಸರಿನ ಮುಂದೆ ಸಾಲುಗಟ್ಟಿರುತ್ತವೆ. ಯುರೋಪಿನ ಹೆಸರುಗಳಿಗಾಗಿ ರೂಪಿಸಿದ ಫಾಂಟಿಗೆ ಇದು ಹೊಸದು. ನಾನು ಕಂಡುಕೊಂಡ ಪರಿಹಾರ ಇದು: ಇನಿಷಿಯಲ್‌ಗಳಿಗೆ ಬಳ್ಳಿಯಿಲ್ಲದ ಸಾದಾ ದೊಡ್ಡಕ್ಷರ ಬಳಸಿ, ಪ್ರತಿ ಚುಕ್ಕಿಯ ನಂತರ ಪೂರ್ತಿ ಜಾಗದ ಬದಲು ಅದರ ಅರ್ಧದಷ್ಟು ತೆಳು ಜಾಗ ಕೊಡಿ, ಬಳ್ಳಿಯ ದೊಡ್ಡಕ್ಷರ ಬೇಕೇ ಇದ್ದರೆ ಹೆಸರಿನ ಮೊದಲ ಅಕ್ಷರಕ್ಕೆ ಮಾತ್ರ ಕೊಡಿ. ಆಗ ಕಣ್ಣು ನೇರವಾಗಿ ಹೆಸರಿಗೆ ಹೋಗುತ್ತದೆ.

ಬಳ್ಳಿ, ಚಾಚು, ಬಾಲ ಇರುವ ಪರ್ಯಾಯ ರೂಪಗಳನ್ನು ಸ್ವಾಶ್ ಎನ್ನುತ್ತಾರೆ. ಅವು ಫಾಂಟಿನಲ್ಲಿದ್ದರೆ ನೀವು ಬಳಸುವ ತಂತ್ರಾಂಶದಲ್ಲಿಯೇ, ಅಂದರೆ ಇನ್‌ಡಿಸೈನಿನ ಓಪನ್‌ಟೈಪ್ ಪಟ್ಟಿಯಲ್ಲಿ, ಲಿಬ್ರೆ ಆಫೀಸಿನ ಅಕ್ಷರ ಸಂವಾದದ ಫೀಚರ್ಸ್ ಗುಂಡಿಯಲ್ಲಿ, ಇಂಕ್‌ಸ್ಕೇಪಿನ ಅಕ್ಷರ ಫಲಕದಲ್ಲಿ ಸಿಗುತ್ತವೆ. ಎಲ್ಲವನ್ನೂ ಒಮ್ಮೆಲೇ ಚಾಲೂ ಮಾಡಬೇಡಿ. ಮೊದಲು ಸ್ವಾಶ್ ಇಲ್ಲದೆ ಪೂರ್ತಿ ಸಾಲು ಜೋಡಿಸಿ. ನಂತರ ಪಕ್ಕದಲ್ಲಿ ಖಾಲಿ ಜಾಗ ಇರುವ ಅಕ್ಷರವನ್ನು ಹುಡುಕಿ: ಸಾಲಿನ ಮೊದಲನೆಯದು, ಕೊನೆಯದು, ಅಥವಾ ಕೆಳಗೆ ಏನೂ ಇಲ್ಲದ ವೈ ಮತ್ತು ಜಿ ಅಕ್ಷರಗಳ ಬಾಲ. ಒಂದು ಸಾಲಿಗೆ ಒಂದೇ ಸ್ವಾಶ್ ಸಾಕು. ಪದದ ನಡುವೆ ಯಾವತ್ತೂ ಬೇಡ.

ಅಕ್ಷರಗಳ ನಡುವಿನ ಅಂತರವನ್ನು ಒಟ್ಟಾಗಿ ಹಿಗ್ಗಿಸಬೇಡಿ. ಎರಡು ಪೆನ್ಸಿಲ್ಲಿನಿಂದ ಬರೆದವರಿಗೆ ಕಾರಣ ಗೊತ್ತು. ಎನ್ ಒಳಗಿನ ಬೆಳಕಿಗೆ ಹೊಂದುವಂತೆ ಅಂತರವನ್ನು ಈಗಾಗಲೇ ಕೂರಿಸಿದ್ದಾರೆ. ಸಾಲು ಚಿಕ್ಕದಾಯಿತು ಎಂದರೆ ಅಂತರ ಹಿಗ್ಗಿಸದೆ ಗಾತ್ರ ಹೆಚ್ಚಿಸಿ. ಆದರೆ ಜೋಡಿ ಜೋಡಿಯಾಗಿ ನೋಡುವುದು ಬೇರೆ ಮಾತು, ಅದನ್ನು ಮಾಡಲೇಬೇಕು. ಟಿ, ವಿ, ವೈ, ಡಬ್ಲ್ಯು ದೊಡ್ಡಕ್ಷರಗಳ ಮುಂದೆ ಸಣ್ಣ ಎ ಬಂದಾಗ ನಡುವೆ ಹೊಂಡ ಬೀಳುತ್ತದೆ, ಸಣ್ಣ ಎಫ್‌ನ ತಲೆ ಮುಂದಿನ ಹೆಚ್ ಅಥವಾ ಎಲ್‌ಗೆ ಬಡಿಯುತ್ತದೆ. ಪರದೆಯ ಮೇಲೆ 400 ಪ್ರತಿಶತ ಹಿಗ್ಗಿಸಿ ಸರಿಪಡಿಸಿ, ಆಮೇಲೆ ನಿಜ ಗಾತ್ರದಲ್ಲಿ ಅಚ್ಚು ತೆಗೆದು ನೋಡಿ.

ಅಕ್ಷರವನ್ನು ದಪ್ಪ ಮಾಡುವ ಬಿ ಮತ್ತು ಓರೆ ಮಾಡುವ ಐ ಗುಂಡಿಗಳಿಂದ ದೂರವಿರಿ. ಝಾಫ್ ಚಾನ್ಸರಿಯ ಮೀಡಿಯಂ ಇಟಾಲಿಕ್ ಈಗಾಗಲೇ 14 ಡಿಗ್ರಿ ವಾಲಿದೆ. ಐ ಒತ್ತಿದರೆ ಕೆಲವು ತಂತ್ರಾಂಶಗಳು ಅದರ ಮೇಲೆ ಇನ್ನಷ್ಟು ವಾಲಿಸುತ್ತವೆ, ಅಕ್ಷರಗಳು ಬೀಳುವಂತೆ ಕಾಣುತ್ತವೆ. ದಪ್ಪ ರೂಪವೇ ಇಲ್ಲದ ಫಾಂಟಿಗೆ ಬಿ ಒತ್ತಿದರೆ ಎಲ್ಲ ಕಡೆಯಿಂದಲೂ ಒಂದೇ ಸಮ ಮಸಿ ಮೆತ್ತುತ್ತದೆ. ಕವಲೊಡೆಯುವ ಜಾಗದ ಆ ತೆಳು ಗೆರೆ ಅಲ್ಲಿಗೆ ಸತ್ತುಹೋಗುತ್ತದೆ. ನೆರಳು, ಹೊರಗೆರೆ, ಬಣ್ಣದ ಇಳಿಜಾರು ಇವುಗಳಿಗೂ ಇದೇ ಮಾತು.

ಆರನೆಯ ಹೆಜ್ಜೆ: ಕನ್ನಡವನ್ನು ವಾಲಿಸಬೇಡಿ

ಒಮ್ಮೆ ಒಂದು ಸಮಾರಂಭಕ್ಕಾಗಿ ನಾನು ಜೋಡಿಸಿಕೊಟ್ಟ ಹಾಳೆ ಅಚ್ಚಾಗಿ ಬಂದಾಗ ಕನ್ನಡದ ಸಾಲುಗಳೆಲ್ಲ ಬಲಕ್ಕೆ ಬಾಗಿದ್ದವು. ಇಂಗ್ಲಿಷ್ ಓರೆಯಾಗಿದೆ, ಕನ್ನಡ ಮಾತ್ರ ನೆಟ್ಟಗಿದೆ, ಎರಡೂ ಒಂದೇ ತರಹ ಇರಲಿ ಎಂದು ಅಚ್ಚಿನ ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಎಲ್ಲವನ್ನೂ ಆಯ್ದು ಐ ಒತ್ತಿದ್ದರು. ದುಂಡಗಿನ ಅಕ್ಷರಗಳು ಒಂದು ಮಗ್ಗುಲಿಗೆ ಜಜ್ಜಿದಂತಾಗಿದ್ದವು, ತಲೆಕಟ್ಟು ಮುಂದಿನ ಅಕ್ಷರದ ಮೇಲೆ ಬಾಗಿತ್ತು, ಒತ್ತಕ್ಷರಗಳು ತಮ್ಮ ಒಡೆಯನನ್ನು ಬಿಟ್ಟು ಹಿಂದಿನ ಅಕ್ಷರದ ಕೆಳಗೆ ಸರಿದಿದ್ದವು. ನೂರಾರು ಹಾಳೆ ಮರುಮುದ್ರಣವಾಗಬೇಕಾಯಿತು.

ಓರೆ ಎಂಬುದು ರೋಮನ್ ಲಿಪಿಗೆ ಚಪ್ಪಟೆ ಮೊನೆಯ ಲೇಖನಿಯ ವೇಗದಿಂದ ಬಂದ ಗುಣ. ನಮ್ಮ ಲಿಪಿ ತಾಳೆಗರಿಯ ಮೇಲೆ ಕಂಠ ಎಂಬ ಚೂಪು ಮೊನೆಯ ಉಕ್ಕಿನ ಕಡ್ಡಿಯಿಂದ ಕೊರೆದು, ಮಸಿ ತೀಡಿ ಬೆಳೆದದ್ದು. ಅಲ್ಲಿ ಗೆರೆ ಒಂದೇ ದಪ್ಪ, ಚಲನೆ ದುಂಡಗೆ. ಓರೆಯಿಂದ ಗೌರವ ಸೂಚಿಸುವ ಪರಂಪರೆ ಕನ್ನಡ ಅಚ್ಚಿನಲ್ಲಿ ಇಲ್ಲ. ನಾವು ಗಾತ್ರದಿಂದ, ದಪ್ಪದಿಂದ, ಸುತ್ತಲಿನ ಬಿಳಿ ಜಾಗದಿಂದ ಅದನ್ನು ಸೂಚಿಸುತ್ತೇವೆ. ಆದ್ದರಿಂದ ಚಾನ್ಸರಿಯ ಪಕ್ಕದಲ್ಲಿ ಕನ್ನಡ ನೆಟ್ಟಗೆ, ತನ್ನ ಘನತೆಯಲ್ಲಿಯೇ ನಿಲ್ಲಲಿ.

ಹೊಂದಾಣಿಕೆ ಬರಬೇಕಾದದ್ದು ಬೇರೆ ಕಡೆಯಿಂದ. ದಪ್ಪ ತೆಳುವಿನ ವ್ಯತ್ಯಾಸ ಇರುವ ಕನ್ನಡ ಫಾಂಟ್ ಆರಿಸಿ. ನೋಟೊ ಸೆರಿಫ್ ಕನ್ನಡ ಮತ್ತು ಟಿರೊ ಕನ್ನಡ ಎರಡೂ ಉಚಿತ, ಎರಡೂ ಯುನಿಕೋಡ್. ಗಾತ್ರವನ್ನು ಪಾಯಿಂಟ್ ನೋಡಿ ನಿರ್ಧರಿಸಬೇಡಿ. ಒತ್ತಕ್ಷರವಿಲ್ಲದ ಕನ್ನಡ ಅಕ್ಷರದ ಎತ್ತರವು ಚಾನ್ಸರಿಯ ಸಣ್ಣಕ್ಷರದ ಒಡಲಿಗಿಂತ ಹೆಚ್ಚಾಗಿ, ದೊಡ್ಡಕ್ಷರಕ್ಕಿಂತ ಕಡಿಮೆಯಾಗಿ ಇರುವಂತೆ ಅಳತೆಪಟ್ಟಿ ಇಟ್ಟು ಸರಿಮಾಡಿ. ಸಾಲಿನ ಅಂತರ ಗಾತ್ರದ ಒಂದೂವರೆಯಷ್ಟಿರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ತಾಂತ್ರಿಕವಾಗಿ ಒಂದೆರಡು ಎಚ್ಚರ. ಇನ್‌ಡಿಸೈನಿನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಪ್ಯಾರಾಗ್ರಾಫ್ ಪಟ್ಟಿಯಲ್ಲಿ ವರ್ಲ್ಡ್‌ರೆಡಿ ಕಂಪೋಸರ್ ಆರಿಸಿ. ನಿಮ್ಮ ಅಚ್ಚಿನ ಮನೆ ಹಳೆಯ ಸಂಕೇತದ ನುಡಿ ಫಾಂಟುಗಳಲ್ಲಿ ಕೆಲಸ ಮಾಡುತ್ತಿದ್ದರೆ ಯುನಿಕೋಡ್ ಪಠ್ಯವನ್ನು ಪರಿವರ್ತಿಸಬೇಕಾಗುತ್ತದೆ. ಪರಿವರ್ತನೆಯ ನಂತರ ಅರ್ಕಾವೊತ್ತು, ಮೂರು ವ್ಯಂಜನಗಳ ಸಂಯುಕ್ತಾಕ್ಷರ, ಋತ್ವ ಇವುಗಳನ್ನು ಒಂದೊಂದಾಗಿ ಕಣ್ಣಿಟ್ಟು ನೋಡಿ.

ಏಳನೆಯ ಹೆಜ್ಜೆ: ಕಾಗದ, ಮಸಿ, ಅಚ್ಚು

ಚಾನ್ಸರಿಯ ಜೀವ ಇರುವುದು ತೆಳು ಗೆರೆಯಲ್ಲಿ, ಅಚ್ಚಿನಲ್ಲಿ ಮೊದಲು ಹೋಗುವುದೂ ಅದೇ. ಆಫ್‌ಸೆಟ್ ಮತ್ತು ಒಳ್ಳೆಯ ಲೇಸರ್ ಅಚ್ಚಿನಲ್ಲಿ ಹೆದರಿಕೆಯಿಲ್ಲ. ಸ್ಕ್ರೀನ್ ಪ್ರಿಂಟಿಂಗ್ ಮಾಡಿಸುವುದಾದರೆ 18 ಪಾಯಿಂಟಿಗಿಂತ ಕೆಳಗೆ ಈ ಫಾಂಟ್ ಬೇಡ. ಚಿನ್ನದ ಫಾಯಿಲ್ ಒತ್ತಿಸುವಾಗ ಎ ಮತ್ತು ಇ ಅಕ್ಷರಗಳ ಕಿರಿದಾದ ಕಣ್ಣು ತುಂಬಿಕೊಳ್ಳಬಹುದು, ಆದ್ದರಿಂದ ಶೀರ್ಷಿಕೆಗೆ ಮಾತ್ರ ಫಾಯಿಲ್ ಇಟ್ಟು, ಅದೇ ಕಾಗದದ ಮೇಲೆ ಮೊದಲು ಒಂದು ಮಾದರಿ ತೆಗೆಸಿ. ಗೆರೆಗೆರೆಯ ಅಥವಾ ಉಬ್ಬುತಗ್ಗಿನ ಕಾಗದದಲ್ಲಿ ತೆಳು ಗೆರೆ ಅಲ್ಲಲ್ಲಿ ಕಡಿದುಹೋಗುತ್ತದೆ. 250 ಜಿಎಸ್‌ಎಮ್ ತೂಕದ, ನುಣುಪಾದ, ಆದರೆ ಹೊಳಪಿನ ಲೇಪ ಇಲ್ಲದ ಕಾಗದ ಕೇಳಿ. ಲೇಪ ಏಕೆ ಬೇಡ ಎಂಬುದು ಮುಂದಿನ ಹೆಜ್ಜೆಯಲ್ಲಿದೆ.

ಬಣ್ಣ ಒಂದೇ ಇರಲಿ: ಕಪ್ಪು, ಕಡು ನೀಲಿ ಅಥವಾ ಕಡು ಕೆಂಪು. ಅಚ್ಚಿಗೆ ಕೊಡುವ ಪಿಡಿಎಫ್‌ನಲ್ಲಿ ಫಾಂಟುಗಳು ಒಳಸೇರಿವೆಯೇ ನೋಡಿ, ಅಥವಾ ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಗೆರೆಗಳ ಚಿತ್ರವಾಗಿ ಬದಲಿಸಿ, ಕೊಡಿ. ಕರ್ವ್ ಮಾಡಿದ ಮೇಲೆ ತಿದ್ದಲು ಬರುವುದಿಲ್ಲ. ಮೂಲ ಕಡತವನ್ನು ಬೇರೆಯಾಗಿ ಉಳಿಸಿಕೊಳ್ಳಿ.

ಕೊನೆಯ ಹೆಜ್ಜೆ: ಹೆಸರನ್ನು ಕೈಯಿಂದ ಬರೆಯುವುದು

ನೂರಾರು ಹೆಸರುಗಳಿದ್ದರೆ ಕಂಪ್ಯೂಟರಿನಿಂದಲೇ ತುಂಬಿಸಿ, ಪ್ರತಿ ಹೆಸರಿನ ಜೋಡಿ ಅಂತರವನ್ನೂ ನೋಡಿ. ಇಪ್ಪತ್ತು ಮೂವತ್ತು ಪತ್ರಗಳಾದರೆ ಹೆಸರಿನ ಜಾಗ ಖಾಲಿ ಬಿಟ್ಟು ಅಚ್ಚು ಮಾಡಿಸಿ, ಹೆಸರನ್ನು ಲೇಖನಿಯಿಂದ ಬರೆಯಿರಿ ಎಂದು ನಾನು ಮನಸಾರೆ ಹೇಳುತ್ತೇನೆ. 1.1 ಮಿಲಿಮೀಟರ್ ಅಗಲದ ಇಟಾಲಿಕ್ ನಿಬ್ಬಿನ ಪೆನ್ನು ಬೇಕು. ಅದರ ಐದರಷ್ಟು ಎಂದರೆ ಐದೂವರೆ ಮಿಲಿಮೀಟರ್; 36 ಪಾಯಿಂಟಿನ ಚಾನ್ಸರಿಯ ಒಡಲಿಗೆ ಹತ್ತಿರ ಹತ್ತಿರ ಅಷ್ಟೇ. ಹೀಗಾಗಿ ಅಚ್ಚಿನ ಶೀರ್ಷಿಕೆಯೂ ಕೈಬರಹದ ಹೆಸರೂ ಒಂದೇ ಮನೆತನದವಾಗಿ ಕಾಣುತ್ತವೆ.

ಎರಡು ವಾರ ಮೊದಲೇ ಅಭ್ಯಾಸ ಆರಂಭಿಸಿ, ದಿನಕ್ಕೆ ಹದಿನೈದು ನಿಮಿಷ ಸಾಕು. ಹೆಸರುಗಳ ಇಂಗ್ಲಿಷ್ ಕಾಗುಣಿತವನ್ನು ಹಾಜರಿ ಪುಸ್ತಕದಿಂದ ಎತ್ತಿಕೊಂಡು ಸುಮ್ಮನಾಗಬೇಡಿ. ಪ್ರಶಸ್ತಿ ಪಡೆಯುವವರನ್ನೇ ಅಥವಾ ಅವರ ಮನೆಯವರನ್ನು ಕೇಳಿ, ಅವರ ಕೈಯಿಂದಲೇ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಅಚ್ಚು ಮಾಡಿಸುವಾಗ ಹತ್ತು ಹಾಳೆ ಹೆಚ್ಚಿಗೆ ತೆಗೆಸಿ. ಹಾಳೆಯ ಮೇಲೆ ಐದೂವರೆ ಮಿಲಿಮೀಟರ್ ಅಂತರದ ಎರಡು ಗೆರೆಗಳನ್ನು ಗಟ್ಟಿ ಮೊನೆಯ ಪೆನ್ಸಿಲ್ಲಿನಲ್ಲಿ ತೀರಾ ಹಗುರವಾಗಿ ಎಳೆಯಿರಿ. ಹೆಸರನ್ನು ಬೇರೊಂದು ಕಾಗದದಲ್ಲಿ ಅದೇ ಗಾತ್ರದಲ್ಲಿ ಬರೆದು, ಅಗಲ ಅಳೆದು, ಮಧ್ಯಕ್ಕೆ ಬರುವಂತೆ ಆರಂಭದ ಚುಕ್ಕಿ ಗುರುತಿಸಿ. ಕೈ ಊರುವ ಕಡೆ ಒಂದು ಬಿಳಿ ಕಾಗದ ಹಾಸಿಕೊಳ್ಳಿ. ಬೆರಳಿನ ಎಣ್ಣೆ ತಾಗಿದ ಜಾಗದಲ್ಲಿ ಮಸಿ ಹಿಡಿಯುವುದಿಲ್ಲ. ಹೊಳಪಿನ ಲೇಪದ ಕಾಗದದ ಮೇಲೆಯೂ ಮಸಿ ಹೀಗೆಯೇ ಜಾರುತ್ತದೆ.

ಬರೆದ ಹಾಳೆಗಳನ್ನು ಒಂದರ ಮೇಲೊಂದು ಪೇರಿಸದೆ ಮೇಜಿನ ಮೇಲೆ ಹರಡಿ, ಫ್ಯಾನ್ ಹಾಕದೆ, ಇಡೀ ರಾತ್ರಿ ಬಿಡಿ. ಬೆಳಿಗ್ಗೆ ಮೆತ್ತನೆಯ ರಬ್ಬರಿನಿಂದ ಪೆನ್ಸಿಲ್ ಗೆರೆ ಅಳಿಸಿ, ಚೀಟಿಯ ಕಾಗುಣಿತದ ಜೊತೆ ಪ್ರತಿ ಹೆಸರನ್ನೂ ಮತ್ತೊಮ್ಮೆ ಹೋಲಿಸಿ, ನಡುವೆ ತೆಳು ಕಾಗದ ಇಟ್ಟು ಜೋಡಿಸಿ.